ಹಳೇಬೀಡಿನ ಹಸಿರುಹಾಸು, ಅರಸೀಕೆರೆ ಸೀಮೆಯ ಕಾವಲು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೆನೆದರೆ ಇಂದಿನವರ ಕಣ್ಣಿಗೆ ಕಟ್ಟುವುದು ಎರಡು ಬಣ್ಣ. ಒಂದು ಬಳಪದ ಕಲ್ಲಿನ ಕಪ್ಪು, ಇನ್ನೊಂದು ಅದರ ಸುತ್ತಲಿನ ಹುಲ್ಲಿನ ಹಸಿರು. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳ ಕಾಲು ಓಡುವುದು ಆ ಹುಲ್ಲಿನ ಕಡೆಗೇ, ಕಾವಲುಗಾರ ಸೀಟಿ ಊದುವುದೂ ಆಗಲೇ. ವಿಷ್ಣುವರ್ಧನನ ಕಾಲದಿಂದಲೂ ಅಲ್ಲೇ ಇತ್ತೇನೋ ಎನ್ನಿಸುವಷ್ಟು ಹುಲ್ಲುಹಾಸು ಆ ಜಾಗಕ್ಕೆ ಒಗ್ಗಿಹೋಗಿದೆ. ಆದರೆ ಕಲ್ಲು ಹನ್ನೆರಡನೆಯ ಶತಮಾನದ್ದು, ಹುಲ್ಲುಹಾಸು ಪುರಾತತ್ವ ಇಲಾಖೆಯ ಕೂಸು.

1850ರ ದಶಕದಲ್ಲಿ ಡಾ. ನೀಲ್ ಎಂಬ ಸೇನಾ ವೈದ್ಯ ಕ್ಯಾಮೆರಾ ಹೊತ್ತು ಈ ಸೀಮೆಗೆ ಬಂದಿದ್ದ. ಅವನೂ ಇತರರೂ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಅಚ್ಚಾದವು. ಅಲ್ಲಿ ಕಾಣುವ ಹಳೇಬೀಡಿನಲ್ಲಿ ಹುಲ್ಲುಹಾಸಿನ ಸುಳಿವಿಲ್ಲ. ಆಗ ಹಸಿರು ದೇವಾಲಯಕ್ಕೆ ಒಡವೆಯಾಗಿರಲಿಲ್ಲ, ಶತ್ರುವಾಗಿತ್ತು. ಸಮೀಪದ ಕೇದಾರೇಶ್ವರ ಗುಡಿಯ ಶಿಖರದ ಸಂದಿಯಲ್ಲಿ ಬೇರುಬಿಟ್ಟ ಮರವೊಂದು ಕಲ್ಲುಗಳನ್ನು ಸರಿಸಿ ಉರುಳಿಸುತ್ತಿದ್ದುದನ್ನು ಕಲಾ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಮರುಕದಿಂದ ಬರೆದಿದ್ದಾನೆ. 1219ರ ಸುಮಾರಿಗೆ ಇಮ್ಮಡಿ ವೀರಬಲ್ಲಾಳ ಮತ್ತು ಅವನ ರಾಣಿ ಅಭಿನವ ಕೇತಲದೇವಿ ಕಟ್ಟಿಸಿದ ಆ ಗುಡಿಗೆ ಇಂದು ಶಿಖರವೇ ಇಲ್ಲ.

ಹಾಗೆಂದು ಹುಲ್ಲನ್ನು ಕಾಯುವ, ಬತ್ತಿದ್ದನ್ನು ಮತ್ತೆ ಚಿಗುರಿಸುವ ವಿದ್ಯೆ ಈ ನೆಲಕ್ಕೆ ಹೊಸದೆಂದುಕೊಳ್ಳಬೇಕಿಲ್ಲ. ಅದು ಮನೆಯ ಅಂಗಳದಲ್ಲಿರಲಿಲ್ಲ, ಅಷ್ಟೇ.

ಅರಸೀಕೆರೆ, ಬೇಲೂರು ಕಡೆಯ ಹಳೆಯ ಮನೆಯ ಮುಂದೆ ಒಂದು ಎಳೆ ಹುಲ್ಲು ಕಂಡರೂ ಮನೆಯಾಕೆಗೆ ಅವಮಾನ. ಅಂಗಳವೆಂದರೆ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಡುವ ಜಾಗ. ಹುಲ್ಲು ಬೆಳೆದರೆ ಹಾವು ಚೇಳಿನ ಭಯ. ಸುಗ್ಗಿಯ ಕಣ ಮಾಡುವಾಗ ಮೊದಲ ಕೆಲಸವೇ ಹುಲ್ಲು ಕೆತ್ತುವುದು. ಹೊಲದಲ್ಲಂತೂ ಗರಿಕೆಯಷ್ಟು ಹಟಮಾರಿ ಕಳೆ ಮತ್ತೊಂದಿಲ್ಲ. ಬೇಸಿಗೆಯ ಮಾಗಿ ಉಳುಮೆಯಲ್ಲಿ ಮೇಲೆದ್ದ ಗರಿಕೆ ಬೇರನ್ನು ಆಯ್ದು ಬದುವಿನ ಮೇಲೆ ಒಣಗಿಸಿ ಸುಡುತ್ತಿದ್ದರು. ಅದೇ ಗರಿಕೆ ಗಣೇಶನ ತಲೆಯೇರಿದರೆ ಪೂಜ್ಯ. ತೋಟಗಾರಿಕೆಯ ಪುಸ್ತಕಗಳು ಬರ್ಮುಡಾ ಹುಲ್ಲು ಎಂದು ಕರೆಯುವುದೂ, ಭಾರತದ ಹುಲ್ಲುಹಾಸುಗಳಲ್ಲಿ ಬಹುಪಾಲಿಗೆ ಹೊದ್ದಿಸಿರುವುದೂ ಇದೇ ಗರಿಕೆಯನ್ನೇ.

ಹಾಗಾದರೆ ಹುಲ್ಲಿನ ಆರೈಕೆ ನಡೆದದ್ದೆಲ್ಲಿ? ದನವಿದ್ದಲ್ಲಿ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಹೊರತಂದರು. ಈ ಸೀಮೆಯ ವೀರಗಲ್ಲುಗಳು ಪದೇ ಪದೇ ಹೇಳುವ ಕಥೆ ತುರುಗೋಳಿನದು. ವೈರಿಗಳು ಊರ ದನ ಹೊಡೆದುಕೊಂಡು ಹೋದರು, ಊರ ಬಂಟ ಬೆನ್ನಟ್ಟಿ ಬಿಡಿಸಿಕೊಂಡು ಬಂದ, ತಾನು ಸತ್ತ. ಊರಿನ ಸಂಪತ್ತು ಮಂದೆಯಾಗಿದ್ದಾಗ ಮಂದೆಯ ಸಂಪತ್ತು ಹುಲ್ಲು. ಹೀಗಾಗಿ ಊರಿಗೊಂದು ಗೋಮಾಳ ಬಿಡುವುದು ಆಳುವವರೂ ಊರವರೂ ಕೂಡಿ ಉಳಿಸಿಕೊಂಡ ಏರ್ಪಾಟಾಯಿತು.

ಈ ಏರ್ಪಾಟಿಗೆ ರಾಜ್ಯದ ಗಾತ್ರ ಬಂದದ್ದು ಮೈಸೂರು ಒಡೆಯರ ಕಾಲದಲ್ಲಿ. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ಆಳಿದ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಇಲಾಖೆ ತೆರೆದು, ಅರಮನೆಯ ಹಸುಗಳಿಗಾಗಿ ನಾಡಿನ ಹಲವೆಡೆ ಹುಲ್ಲುಗಾವಲುಗಳನ್ನು ಕಾದಿರಿಸಿದರು. ಹೈದರ್ ಈ ದನಗಳನ್ನು ಸೇನೆಗೆ ಹೂಡಿದ. ಟಿಪ್ಪು ಇಲಾಖೆಗೆ ಅಮೃತ್ ಮಹಲ್ ಎಂದು ಹೆಸರಿಟ್ಟು ಅದಕ್ಕೆ ಕಟ್ಟುನಿಟ್ಟಾದ ಹುಕುಂನಾಮೆ ಬರೆಸಿದ. ಚಿದಂಬರದ ನೆರವಿಗಾಗಿ ಹೈದರನ ಪಡೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ ಸ್ಪೇನಿನ ಯುದ್ಧಭೂಮಿಯಲ್ಲಿ ನಿಂತು ಮೈಸೂರಿನ ಎತ್ತುಗಳಿದ್ದಿದ್ದರೆ ಎಂದು ಹಂಬಲಿಸಿದ್ದ.

ಎತ್ತಿನ ಹಿಂದೆ ಇದ್ದದ್ದು ಹುಲ್ಲಿನ ಲೆಕ್ಕಾಚಾರ. ಕಾವಲು ಎಂದು ಕರೆಯುತ್ತಿದ್ದ ಈ ಹುಲ್ಲುಗಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರಾಗಿ ವಿಂಗಡಿಸಿದ್ದರು. ಕೆರೆಯಂಗಳ, ನೀರು, ಮರದ ನೆರಳು ಇದ್ದವು ಬೇಸಿಗೆಗೆ ಮೀಸಲು. ಮಳೆ ಬಿದ್ದೊಡನೆ ಚಿಗುರುವ ದಿಬ್ಬಗಳು ಮಳೆಗಾಲಕ್ಕೆ. ಮಂದೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊರಟಿತೆಂದರೆ ಹಿಂದಿನದಕ್ಕೆ ವಿಶ್ರಾಂತಿ. ಮೇಯ್ದ ಹುಲ್ಲು ಮತ್ತೆ ಎದ್ದು ತೆನೆ ಕಟ್ಟಿ ಬೀಜ ಉದುರಿಸಲು ಬಿಡುವು ಸಿಗುತ್ತಿತ್ತು. ಮಂದೆ ತಂಗಿದ ಜಾಗದಲ್ಲಿ ಬಿದ್ದ ಸಗಣಿ, ಗಂಜಲವೇ ಗೊಬ್ಬರ. ನೀರು ಹಾಯಿಸುವ ಆಳಿಲ್ಲ, ಬಿತ್ತುವ ಕೈಯಿಲ್ಲ. ಕೊಡುತ್ತಿದ್ದದ್ದು ಸಮಯ ಮಾತ್ರ. ಇಂದು ಪಶುಪಾಲನೆಯ ತಜ್ಞರು ಸರದಿ ಮೇವು ಎಂದು ಬೋಧಿಸುವುದರ ತಿರುಳು ಇದೇ.

ಕಡೂರು, ಬೀರೂರು, ಅಜ್ಜಂಪುರದಿಂದ ಅರಸೀಕೆರೆ, ತಿಪಟೂರು ಕಡೆಗೆ ಚಾಚಿಕೊಂಡ ಬಯಲುಸೀಮೆ ಈ ಕಾವಲುಗಳಿಗೆ ಹೇಳಿ ಮಾಡಿಸಿದ ನೆಲ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಮರ ಒತ್ತಾಗಿ ಬೆಳೆಯದು, ಹುಲ್ಲು ಬಿಡದು. ಮಾಘ ಫಾಲ್ಗುಣದಲ್ಲಿ ಕರಡ ಒಣಗಿ ಕಂದುಬಣ್ಣಕ್ಕೆ ತಿರುಗಿದ ಬಯಲು ಸತ್ತಂತೆ ಕಾಣುತ್ತದೆ. ಪಂಚಾಂಗದ ವಸಂತ ಬಂದು ಹೊಂಗೆ ಚಿಗುರಿದರೂ ಹುಲ್ಲು ಏಳುವುದಿಲ್ಲ. ಅದರ ವಸಂತ ಮಳೆ ನಕ್ಷತ್ರದ್ದು. ಅಶ್ವಿನಿಯ ಒಂದೆರಡು ಹನಿ ಬಿದ್ದು, ಏಪ್ರಿಲ್ ಕೊನೆಯ ವಾರ ಭರಣಿ ಹದವಾಗಿ ಸುರಿದರೆ ವಾರದೊಳಗೆ ಬಯಲಿಗೆ ಬಣ್ಣ ಬರುತ್ತದೆ. ನೆಲದಡಿಯ ಬೇರು, ಕುಡಿ ಬದುಕಿಯೇ ಇರುತ್ತವೆ.

ಇಂಥ ಏರ್ಪಾಟನ್ನು ಮುರಿಯಲು ಒಂದು ಆದೇಶ ಸಾಕಾಯಿತು. ಮೈಸೂರನ್ನು ಬ್ರಿಟಿಷ್ ಕಮಿಷನರರು ಆಳುತ್ತಿದ್ದ ಕಾಲದಲ್ಲಿ, 1860ರಲ್ಲಿ, ಖರ್ಚು ಉಳಿಸುವ ಹೆಸರಿನಲ್ಲಿ ಅಮೃತ್ ಮಹಲ್ ವಿಸರ್ಜನೆಯಾಗಿ ಮಂದೆಗಳು ಮಾರಾಟವಾದವು. ಆಮೇಲೆ ಸೇನೆಗೆ ತಕ್ಕ ಎತ್ತು ಸಿಗದೆ ಪರದಾಟವಾಯಿತು. 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಸೇರಿತು.

ಬೇಲೂರಿಗೆ ಹೊಂದಿಕೊಂಡ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರ ಸೀಮೆಯಲ್ಲಿ, ಅದೇ ಕಾಲಕ್ಕೆ ಬೇರೊಂದು ಬಗೆಯ ಹಸಿರು ಬೇರೂರುತ್ತಿತ್ತು. ಕಾಫಿ ಬೆಳೆಯಲು ಬಂದ ಯುರೋಪಿಯನ್ನರು ಬಂಗಲೆ ಕಟ್ಟಿದರು, ಬಂಗಲೆಯ ಮುಂದೆ ಲಾನ್ ಹಾಸಿದರು. ಸಗಣಿ ಸಾರಿಸಿದ ಅಂಗಳದ ನಾಡಿನಲ್ಲಿ ಕುರ್ಚಿ ಹಾಕಿ ಚಹಾ ಕುಡಿಯಲೆಂದೇ ಹುಲ್ಲು ಬೆಳೆಸುವವರು ಹೀಗೆ ಬಂದರು. ಆ ಪ್ಲಾಂಟರುಗಳಲ್ಲೊಬ್ಬ ರಾಬರ್ಟ್ ಎಲಿಯಟ್. 1850ರ ದಶಕದ ನಡುವೆ ಇಲ್ಲಿಗೆ ಬಂದು ತೋಟ ಮಾಡಿದ ಈತ ಮೈಸೂರಿನ ಅನುಭವಗಳನ್ನು 1871ರಲ್ಲಿ ಎರಡು ಸಂಪುಟಗಳಲ್ಲಿ, 1894ರಲ್ಲಿ ಇನ್ನೊಂದು ಪುಸ್ತಕದಲ್ಲಿ ಬರೆದ. ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ಲಾಂಟರುಗಳ ಪರವಾಗಿ ಕೂತ.

ಇಲ್ಲಿನವರಿಗೆ ಅವನು ಕಾಫಿಯ ಎಲಿಯಟ್. ಬ್ರಿಟನ್ನಿನ ಕೃಷಿಕರಿಗೆ ಹುಲ್ಲಿನ ಎಲಿಯಟ್. ಸ್ಕಾಟ್ಲೆಂಡಿನ ಕೆಲ್ಸೊ ಬಳಿಯ ತನ್ನ ಕ್ಲಿಫ್ಟನ್ ಪಾರ್ಕ್ ಜಮೀನಿನಲ್ಲಿ ಸವೆದ ಹುಲ್ಲುನೆಲವನ್ನು ಮತ್ತೆ ಎಬ್ಬಿಸುವ ಪದ್ಧತಿಯೊಂದನ್ನು ಅವನು ರೂಪಿಸಿ, 1898ರಲ್ಲಿ ಪುಸ್ತಕ ಬರೆದ. ಕೊಂಡ ಗೊಬ್ಬರ ಸುರಿಯುವ ಬದಲು ಚಿಕೋರಿಯಂಥ ಆಳಬೇರಿನ ಗಿಡಗಳನ್ನು ಹುಲ್ಲಿನ ಜೊತೆ ಬಿತ್ತಬೇಕು, ಅವು ಗಟ್ಟಿಯಾದ ಅಡಿಮಣ್ಣನ್ನು ಸೀಳುತ್ತವೆ, ಕೆಲವು ವರ್ಷದ ಬಳಿಕ ಉತ್ತರೆ ಬೇರೇ ಗೊಬ್ಬರವಾಗುತ್ತದೆ ಎಂಬುದು ಅವನ ವಾದ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಆ ಪುಸ್ತಕ ಹೆಸರಾಂತ ಹುಲ್ಲುವಿಜ್ಞಾನಿ ಸ್ಟೇಪಲ್ಡನ್ ಅವರ ಮುನ್ನುಡಿಯೊಂದಿಗೆ ಮರುಮುದ್ರಣಗೊಂಡಿತು. ಸಾವಯವ ಕೃಷಿಯವರು ಅದನ್ನು ಇಂದಿಗೂ ಓದುತ್ತಾರೆ.

ಬಂಗಲೆಯ ಹುಲ್ಲುಹಾಸು ಸ್ಮಾರಕದ ಅಂಗಳಕ್ಕೆ ದಾಟಿದ್ದು ಕರ್ಜನ್ ಕಾಲದ ಅಭಿರುಚಿಯಿಂದ. 1899ರಿಂದ 1905ರವರೆಗೆ ವೈಸ್‌ರಾಯ್ ಆಗಿದ್ದ ಕರ್ಜನ್ ತಾಜ್‌ಮಹಲಿನ ಮುಂದಿನ ಮರಗಿಡಗಳ ದಟ್ಟಣೆ ತೆಗೆಸಿ ಹುಲ್ಲು ಹಾಸಿಸಿದ. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂತು. ಕಟ್ಟಡದ ಸುತ್ತ ಬಯಲು ಬಿಟ್ಟು ಹಸಿರು ಹೊದ್ದಿಸುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರೂಢಿಯಾಯಿತು, ಆ ಕೆಲಸಕ್ಕೆಂದೇ ಆಗ್ರಾದಲ್ಲಿ ತೋಟಗಾರಿಕಾ ಶಾಖೆ ನಿಂತಿತು. ಇತ್ತ ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಪಟ್ಟಣಿಗರಿಗೆ ಹೂದೋಟ, ಹುಲ್ಲುಹಾಸುಗಳ ರುಚಿ ಹತ್ತಿಸಿದರು. ಜಿಲ್ಲಾ ಕೇಂದ್ರಗಳ ಬಂಗಲೆ, ಕ್ಲಬ್ಬು, ಆಮೇಲೆ ನಿವೃತ್ತ ಅಧಿಕಾರಿಗಳ ಮನೆ, ಹೀಗೆ ಲಾನ್ ಮೆಲ್ಲಗೆ ಇಳಿದುಬಂತು.

ಬೇಲೂರಿಗೂ ಹಳೇಬೀಡಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಬೇಲೂರಿನ ಚನ್ನಕೇಶವನ ಪ್ರಾಕಾರಕ್ಕೆ ಕಲ್ಲು ಹಾಸಿದೆ. 1117ರಿಂದ ಪೂಜೆಯ ಪರಂಪರೆ ಉಳಿಸಿಕೊಂಡ ಗುಡಿಯದು. ಚೈತ್ರದ ರಥೋತ್ಸವಕ್ಕೆ ನೆರೆಯುವ ಜನರ ಕಾಲ್ತುಳಿತವನ್ನು ಯಾವ ಹುಲ್ಲೂ ತಾಳದು. 1311ರಲ್ಲಿ ಮಲಿಕ್ ಕಾಫರನ ದಾಳಿ ಕಂಡು, ಮುಂದೆ ರಾಜಧಾನಿಯ ಪಟ್ಟವನ್ನೂ ಕಳೆದುಕೊಂಡ ಹಳೇಬೀಡಿನಲ್ಲಿ ಅಂಥ ಜಾತ್ರೆಯಿಲ್ಲ. ಭಕ್ತರು ನಡೆಯುವಲ್ಲಿ ಕಲ್ಲು, ಪ್ರವಾಸಿಗರು ನಿಂತು ನೋಡುವಲ್ಲಿ ಹುಲ್ಲು. 2023ರ ಸೆಪ್ಟೆಂಬರ್ 18ರಂದು ಸೋಮನಾಥಪುರದೊಂದಿಗೆ ಈ ಎರಡೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಲಾನ್ ಹಾಸುವ ದೇಸಿ ವಿಧಾನವೊಂದು ಸಗಣಿ ಸಾರಿಸಿದ ಅಂಗಳದ ಲೋಕವನ್ನೂ ಹುಲ್ಲುಹಾಸಿನ ಲೋಕವನ್ನೂ ಬೆಸೆಯುತ್ತದೆ. ಗರಿಕೆಯ ಬಳ್ಳಿಯನ್ನು ಬೆರಳುದ್ದಕ್ಕೆ ಕತ್ತರಿಸಿ, ಕೆಮ್ಮಣ್ಣು, ಸಗಣಿ, ನೀರಿನೊಡನೆ ಕಲಸಿ, ಹದಗೊಳಿಸಿದ ನೆಲದ ಮೇಲೆ ಗಾರೆಯಂತೆ ಬಳಿಯುತ್ತಾರೆ. ಗೆಣ್ಣುಗೆಣ್ಣಿಗೂ ಬೇರು ಬಿಡುವ ಗರಿಕೆ ಮಿಕ್ಕಿದ್ದನ್ನು ನೋಡಿಕೊಳ್ಳುತ್ತದೆ. ಹಳೆಯ ಹುಲ್ಲುಹಾಸು ಬೇಸಿಗೆಗೆ ಬೋಳಾಗಿದ್ದರೂ ಕ್ರಮ ಹೆಚ್ಚುಕಡಿಮೆ ಇದೇ. ಒಣ ಕಸ ಕೆರೆದು ತೆಗೆಯುವುದು, ಕಾಲ್ತುಳಿತಕ್ಕೆ ಗಟ್ಟಿಯಾದ ಮಣ್ಣಿಗೆ ಅಲ್ಲಲ್ಲಿ ಚುಚ್ಚುವುದು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರವನ್ನು ತೆಳುವಾಗಿ ಎರಚುವುದು, ಬೋಳು ಜಾಗಕ್ಕೆ ಬಳ್ಳಿ ನೆಡುವುದು, ಚಿಗುರಿದ ಮೇಲೂ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸದಿರುವುದು.

ಕಷ್ಟವಿರುವುದು ನೀರಿನಲ್ಲಿ. ಹಳೇಬೀಡು, ಮಾದೀಹಳ್ಳಿ ಭಾಗದ ರೈತರು ರಣಘಟ್ಟದಿಂದ ದ್ವಾರಸಮುದ್ರ ಕೆರೆಗೆ ನೀರು ತರಬೇಕೆಂದು ವರ್ಷಗಟ್ಟಲೆ ಬೀದಿಗಿಳಿದವರು. ಅರಸೀಕೆರೆಯಲ್ಲಿ ತೆಂಗಿಗೇ ಕೊಳವೆಬಾವಿ ಕೈಕೊಡುತ್ತದೆ. ಅಂಥ ಕಡೆ ಮಾರ್ಚ್ ತಿಂಗಳಲ್ಲಿ ಹುಲ್ಲಿಗೆ ನೀರು ಹಾಯಿಸಿ ಹಸಿರು ಎಬ್ಬಿಸುವುದು ಇಂಗ್ಲೆಂಡಿನ ವಸಂತವನ್ನು ಇಲ್ಲಿಗೆ ಎಳೆದು ತರುವ ದುಬಾರಿ ಹಟ.

ಕಾವಲುಗಳ ಗತಿ ಇನ್ನೂ ಶೋಚನೀಯ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯ ಆಸುಪಾಸಿನಲ್ಲಿದ್ದ ಅಮೃತ್ ಮಹಲ್ ನೆಲದಲ್ಲಿ ಉಳಿದಿರುವುದು ಸಣ್ಣ ಪಾಲು. ಸ್ವಾತಂತ್ರ್ಯಾನಂತರ ಸಾಗುವಳಿಗೆ ಹಂಚಿಕೆಯಾದದ್ದು ಕೆಲವು. ಬಂಜರೆಂದು ಭಾವಿಸಿ ನೀಲಗಿರಿ ನೆಟ್ಟದ್ದು ಕೆಲವು. ಚಳ್ಳಕೆರೆ ಕಡೆ ಸಾವಿರಾರು ಎಕರೆ ರಕ್ಷಣಾ, ವಿಜ್ಞಾನ ಸಂಸ್ಥೆಗಳಿಗೆ ಹೋದಾಗ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಅಜ್ಜಂಪುರದ ತಳಿ ಕೇಂದ್ರದಲ್ಲಿ ಅಮೃತ್ ಮಹಲ್ ಹೋರಿಗಳ ಹರಾಜು ನಡೆಯುತ್ತ ಬಂದಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಮನೆಯ ಮುಂದೆ ನಾಲ್ಕು ಅಡಿ ಹಸಿರು ಬೇಕೆನ್ನುವ ಅರಸೀಕೆರೆ, ಬೇಲೂರಿನವರು ನರ್ಸರಿಯ ಕೊರಿಯನ್ ಹುಲ್ಲಿನ ಚಾಪೆಗೆ ದುಡ್ಡು ಸುರಿಯುವ ಮುನ್ನ ಕಾವಲಿನ ಕ್ರಮವನ್ನು ಒಮ್ಮೆ ಪಾಲಿಸಿ ನೋಡಲಿ. ಬೇಸಿಗೆಯಲ್ಲಿ ಒಣಗಿದ ಗರಿಕೆಯನ್ನು ಕೀಳದೆ ಬಿಡಿ, ಯುಗಾದಿಗೆ ಗೊಬ್ಬರ ಎರಚಿ, ಭರಣಿ ಮಳೆ ಬಿದ್ದ ಮೇಲೆ ಬೋಳು ಜಾಗಕ್ಕೆ ಹೊಲದ ಬದುವಿನ ಗರಿಕೆಯನ್ನೇ ತಂದು ನೆಡಿ, ತಿಂಗಳ ಮಟ್ಟಿಗೆ ಯಾರೂ ತುಳಿಯದಂತೆ ನೋಡಿಕೊಳ್ಳಿ.