ಆಗುವುದೋ, ಮಾಡುವುದೋ?

ಕೆಲವು ಮಳೆಗಾಲಗಳ ಹಿಂದೆ ನಾಸಿಕ್ ಜಿಲ್ಲೆಯ ಘೋಟಿಯಲ್ಲಿ ಕೂತು ಅನುವಾದ ಮಾಡುತ್ತಿದ್ದೆ. ಲಿನಕ್ಸ್ ಕಂಪ್ಯೂಟರಿಗೆ ಒಂದು ಕನ್ನಡ ಫಾಂಟ್ ಹಾಕಲು ಟರ್ಮಿನಲ್ಲಿನಲ್ಲಿ ‘ಸು’ ಎಂದು ಹೊಡೆದು, ಎಲ್ಲ ಅಧಿಕಾರವೂ ಇರುವ ‘ರೂಟ್’ ಬಳಕೆದಾರನಾದೆ. ಕೆಲಸ ಮುಗಿದ ಮೇಲೆ ಹೊರಬರುವುದು ಮರೆತುಹೋಯಿತು. ಅರ್ಧ ಗಂಟೆ ಬಿಟ್ಟು ಹಳೆಯ ಫೈಲುಗಳನ್ನು ಅಳಿಸುವಾಗ ಫೋಲ್ಡರಿನ ಹೆಸರು ತಪ್ಪಿತು. ನನ್ನ ಕೈಗೇ ಸಿಗಬಾರದೆಂದು ರೂಟ್ ಹೆಸರಿನಲ್ಲಿ ಇಟ್ಟಿದ್ದ ಬ್ಯಾಕಪ್ ಮರುಮಾತಿಲ್ಲದೆ ಹೋಯಿತು.

ಈ ‘ಸು’ 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಇದೆ. ಅದು ರೂಟ್‌ನ ಪಾಸ್‌ವರ್ಡ್ ಕೇಳುತ್ತದೆ. ಹತ್ತು ಜನ ಬಳಸುವ ಯಂತ್ರದಲ್ಲಿ ಆ ಗುಟ್ಟು ನಾಲ್ವರಿಗೆ ಗೊತ್ತಿದ್ದರೆ, ಒಳಹೋದ ಮೇಲೆ ನಾಲ್ವರೂ ರೂಟೇ. ಯಾವ ಕೆಲಸ ಯಾರದೆಂದು ಹೇಳುವುದು ಕಷ್ಟ.

1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್ಸ್‌ಹಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ‘ಸುಡೊ’ ಬರೆದರು. ಇಂದಿನ ಸುಡೊ ಸಾಮಾನ್ಯವಾಗಿ ಕೇಳುವುದು ನಿಮ್ಮದೇ ಪಾಸ್‌ವರ್ಡ್. ಯಾರು ಯಾವ ಆಜ್ಞೆ ಕೊಡಬಹುದೆಂಬ ಪಟ್ಟಿ ಅದರ ಬಳಿ ಇರುತ್ತದೆ. ಒಂದು ಆಜ್ಞೆ ನಡೆಸಿ, ಯಾರು ಕೊಟ್ಟರೆಂದು ಬರೆದಿಟ್ಟು, ನಿಮ್ಮನ್ನು ನೀವಿದ್ದಲ್ಲಿಗೇ ಬಿಡುತ್ತದೆ. ವ್ಯಾಕರಣದ ಮಾತಿನಲ್ಲಿ, ಸು ‘ಆಗು’ ಎಂಬ ಕ್ರಿಯಾಪದ, ಸುಡೊ ‘ಮಾಡು’. 2004ರಲ್ಲಿ ಬಂದ ಉಬುಂಟು ರೂಟ್‌ಗೆ ಪಾಸ್‌ವರ್ಡನ್ನೇ ಕೊಡದೆ ಸುಡೊವನ್ನು ಮನೆಮನೆಯ ಕಂಪ್ಯೂಟರಿಗೆ ತಂದಿತು.

ಎದುರು ವಾದವೂ ಇದೆ. ಆಯ್ದ ಗುಂಪಿಗೆ ಮಾತ್ರ ಸು ದಕ್ಕಬೇಕೆಂಬ ಪದ್ಧತಿಯನ್ನು ರಿಚರ್ಡ್ ಸ್ಟಾಲ್‌ಮನ್ ಒಪ್ಪಲಿಲ್ಲ. ಕೆಲವರು ಉಳಿದವರ ಮೇಲೆ ದರ್ಬಾರು ನಡೆಸಲು ಅದು ದಾರಿ ಎಂಬುದು ಅವರ ಆಕ್ಷೇಪ. ಸುಡೊ ಬೆಳೆದು ತೊಡಕಾದದ್ದೂ ನಿಜ. 2011ರಲ್ಲಿ ನುಸುಳಿದ ಒಂದು ದೋಷ ಬಯಲಾದದ್ದು 2021ರಲ್ಲಿ. ಅದರಿಂದ ಪಟ್ಟಿಯಲ್ಲಿಲ್ಲದವರೂ ರೂಟ್ ಆಗಬಹುದಿತ್ತು. ಇಷ್ಟು ದೊಡ್ಡ ಸಲಕರಣೆ ಬೇಡವೆಂದು ಟೆಡ್ ಉನಾಂಗ್ಸ್ಟ್ ಓಪನ್‌ಬಿಎಸ್‌ಡಿಗಾಗಿ ಬರೆದ ಚಿಕ್ಕ ‘ಡುಆಸ್’ 2015ರಲ್ಲೇ ಬಂದಿತ್ತು.

ಒಬ್ಬರೇ ಬಳಸುವ ಕಂಪ್ಯೂಟರಿನಲ್ಲಿ ಇದೆಲ್ಲ ಯಾಕೆ ಎನ್ನಬಹುದು. ಅಲ್ಲಿಯೂ ಇಬ್ಬರಿರುತ್ತಾರೆ: ಅಧಿಕಾರ ಪಡೆದ ನಾನು, ಅರ್ಧ ಗಂಟೆಯ ನಂತರ ಅದನ್ನು ಮರೆತ ನಾನು. ಸುಡೊ ಇದ್ದರೂ ಕೈತಪ್ಪು ತಪ್ಪುವುದಿಲ್ಲ. ಆದರೆ ಆಜ್ಞೆಯ ಮುಂದೆ ಆ ಪದವನ್ನು ಪ್ರತಿ ಸಲ ಬರೆಯಬೇಕು. ಬರೆಯದಿದ್ದರೆ ಆ ದಿನ ‘ಅನುಮತಿ ಇಲ್ಲ’ ಎಂಬ ಉತ್ತರ ಬರುತ್ತಿತ್ತು, ಬ್ಯಾಕಪ್ ಉಳಿಯುತ್ತಿತ್ತು. ಕನ್ನಡದ ಕಿವಿಗೆ ಸುಡೊ ಎಂದರೆ ಬೆಂಕಿ ಹಚ್ಚು ಎಂದಂತೆ. ನನ್ನ ಕೈ ಸುಟ್ಟದ್ದು ಮಾತ್ರ ಸು.