ಸವೆದ ಹಲ್ಲು ಕೀಳಿಸುವ ಮುನ್ನ: ಪಿಂಗಾಣಿ ಹೊದಿಕೆಯ ಬಗ್ಗೆ ತಿಳಿದಿರಲಿ



ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ನಮ್ಮ ಹಿರಿಯರು ಕೂಡಿದಲ್ಲಿ ಮಂಡಿನೋವು, ಸಕ್ಕರೆ ಕಾಯಿಲೆಯ ಜೊತೆಗೆ ಹಲ್ಲಿನ ಮಾತೂ ಬರುತ್ತದೆ. "ಎಲ್ಲಾ ಸವೆದು ಹೋಗ್ಯಾವ, ಕೀಳಿಸಿ ಸೆಟ್ ಹಾಕಿಸಿಬಿಡ್ತೀನಿ" ಎನ್ನುವವರು ಬಹಳ. ಆದರೆ ಸವೆದ ಹಲ್ಲು ಸತ್ತ ಹಲ್ಲಲ್ಲ. ಬೇರು ಮತ್ತು ಒಸಡು ಗಟ್ಟಿಯಿದ್ದರೆ ಅದನ್ನು ಉಳಿಸಿಕೊಳ್ಳುವ ದಾರಿ ಇದೆ. ಅದನ್ನು ತಿಳಿಸುವುದಕ್ಕಾಗಿ ಈ ಬರಹ.

ಸವೆಯಲು ಕಾರಣಗಳು

ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿಯಿಂದ ಉಜ್ಜುವುದು, ಅಡಿಕೆ ಜಗಿಯುವುದು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಹುಳಿತೇಗು, ದವಡೆ ಹಲ್ಲು ಕಳೆದುಕೊಂಡು ಮುಂದಿನ ಹಲ್ಲಿನಿಂದಲೇ ಅಗಿಯುವುದು ಸವೆತಕ್ಕೆ ಮುಖ್ಯ ಕಾರಣಗಳು.

ನಮ್ಮ ಕಡೆ ಇನ್ನೊಂದು ಕಾರಣವುಂಟು. ಹಳೆಯ ಮಹಬೂಬನಗರ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದಿದ್ದರೆ ಹೆಚ್ಚೆಂದರೆ 1.5. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗ ಇಂಥ ನೀರು ಕುಡಿದವರ ಎನಾಮೆಲ್ ಕಂದುಗಟ್ಟಿ, ತೀವ್ರವಾದಾಗ ಚಕ್ಕೆಯೇಳುತ್ತದೆ.

ಕ್ಯಾಪ್ ಬೇರೆ, ತೆಳು ಹೊದಿಕೆ ಬೇರೆ

ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ಅರೆಯಬೇಕು. ಮುಂದಿನ ಹಲ್ಲುಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ, ಪೂರ್ಣ ಕ್ಯಾಪ್‌ಗೆ ಒಸಡಿನ ಮೇಲಿನ ಹಲ್ಲಿನ ಶೇ. 63ರಿಂದ 72 ಭಾಗ ಹೋಗುತ್ತದೆ. ತೆಳು ಪಿಂಗಾಣಿ ಹೊದಿಕೆಗೆ ಶೇ. 3ರಿಂದ 30 ಮಾತ್ರ. ಮುಂದಿನ ಹಲ್ಲಿಗೆ ಹಾಕುವುದು ವೆನೀರ್. ದವಡೆ ಹಲ್ಲಿನ ಅಗಿಯುವ ಭಾಗಕ್ಕೆ ಹಾಕುವುದು ಆನ್‌ಲೇ. ಮೊದಲೇ ಸವೆದ ಹಲ್ಲನ್ನು ಮತ್ತೆ ಅರೆಯುವುದು ಕಡಿಮೆಯಾದಷ್ಟೂ ಒಳ್ಳೆಯದು.

ಪಿಂಗಾಣಿ ಒಡೆಯುವುದಿಲ್ಲವೇ ಎಂದು ಕೇಳುವವರುಂಟು. ಶಹಾಬಾದ್ ಕಲ್ಲನ್ನು ನೆನೆಯಿರಿ: ಕೆಳಗೆ ಟೊಳ್ಳಿದ್ದರೆ ಬಿರುಕು ಬಿಡುತ್ತದೆ, ಗಾರೆಯಲ್ಲಿ ಗಟ್ಟಿಯಾಗಿ ಕೂತರೆ ತಲೆಮಾರು ಬಾಳುತ್ತದೆ. ಇಲ್ಲೂ ಹಾಗೆಯೇ. ಎನಾಮೆಲನ್ನು ಆಮ್ಲದಿಂದ ತರಿ ಮಾಡಿ ಅಂಟಿಸುವ ವಿಧಾನವನ್ನು ಅಮೆರಿಕದ ಬ್ಯುನೊಕೋರ್ 1955ರಲ್ಲಿ ತೋರಿಸಿದರು. ಪಿಂಗಾಣಿಯ ಒಳಮೈಯನ್ನೂ ಹಾಗೆಯೇ ತರಿ ಮಾಡುವುದು 1980ರ ದಶಕದಲ್ಲಿ ರೂಢಿಗೆ ಬಂತು. ಈ ಅಂಟು ಎನಾಮೆಲಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಒಳಪದರವಾದ ಡೆಂಟೀನ್ ಮೇಲೆ ಅಷ್ಟಿಲ್ಲ. ಆದ್ದರಿಂದ ಎನಾಮೆಲ್ ಪೂರ್ತಿ ಹೋಗುವವರೆಗೆ ಕಾಯಬೇಡಿ. ಫ್ಲೋರೈಡ್ ತಗುಲಿದ ಹಲ್ಲಿಗೆ ಅಂಟು ಹಿಡಿಯುವುದು ಕಷ್ಟ. ಬಾಲ್ಯದಲ್ಲಿ ಯಾವ ಊರಿನ, ಯಾವ ನೀರು ಕುಡಿದಿರಿ ಎಂಬುದನ್ನು ವೈದ್ಯರಿಗೆ ಹೇಳಿ.

ಜಾಗ ಮಾಡುವುದು ಹೇಗೆ

ಹಲ್ಲು ಸವೆದಂತೆಲ್ಲಾ ಅದು ನಿಧಾನವಾಗಿ ಮೇಲೇಳುವುದರಿಂದ, ಹೊದಿಕೆಗೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಜಾಗವೇ ಇರುವುದಿಲ್ಲ. ನಾರ್ವೆಯ ಡಾಲ್ 1975ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಮುಂದಿನ ಹಲ್ಲುಗಳಿಗೆ ಮಾತ್ರ ಎತ್ತರ ಕೊಟ್ಟರೆ, ಕೆಲವು ತಿಂಗಳಲ್ಲಿ ಹಿಂದಿನ ಹಲ್ಲುಗಳು ಬೆಳೆದು ತಾವೇ ಕೂಡಿಕೊಳ್ಳುತ್ತವೆ. ಈಗ ಮೊದಲು ಕಾಂಪೋಸಿಟ್ ಹಾಕಿ, ಬಾಯಿಗೆ ಒಗ್ಗಿದ ಮೇಲೆ ಪಿಂಗಾಣಿ ಕೂರಿಸುವ ಪದ್ಧತಿಯೂ ಇದೆ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ರಾಯಚೂರಿನಲ್ಲಿ ನವೋದಯ ಮತ್ತು ಎ.ಎಂ.ಇ. ದಂತ ಕಾಲೇಜುಗಳಿವೆ. ಮಕ್ತಲ್‌ನಿಂದ ನೇರ ರಸ್ತೆ, ಗದ್ವಾಲದಿಂದ ರೈಲು ಉಂಟು. ನೋವನ್ನು ಕನ್ನಡದಲ್ಲೇ ಹೇಳಿಕೊಳ್ಳಬಹುದು. ನಮ್ಮ ಹಿರಿಯರಿಗೆ ಇದು ಸಣ್ಣ ಮಾತಲ್ಲ. ಮಹಬೂಬನಗರದಲ್ಲಿ ಎಸ್.ವಿ.ಎಸ್., ಹೈದರಾಬಾದಿನಲ್ಲಿ ಸರ್ಕಾರಿ ದಂತ ಕಾಲೇಜು ಇವೆ. ಪ್ರಾಸ್ತೊಡಾಂಟಿಕ್ಸ್ ವಿಭಾಗವನ್ನು ವಿಚಾರಿಸಿ ಈ ನಾಲ್ಕು ಪ್ರಶ್ನೆ ಕೇಳಿ:

1. ನನ್ನ ಹಲ್ಲು ಸವೆಯಲು ಕಾರಣವೇನು?
2. ಎನಾಮೆಲ್ ಎಷ್ಟು ಉಳಿದಿದೆ? ಕ್ಯಾಪ್ ಬದಲು ವೆನೀರ್ ಅಥವಾ ಆನ್‌ಲೇ ಸಾಧ್ಯವೇ?
3. ಎಷ್ಟು ಹಲ್ಲು, ಎಷ್ಟು ಸಲ ಬರಬೇಕು, ಒಟ್ಟು ಖರ್ಚೆಷ್ಟು? ಬರೆದು ಕೊಡುವಿರಾ?
4. ರಾತ್ರಿ ಹಾಕಿಕೊಳ್ಳುವ ರಕ್ಷಕ ಪಟ್ಟಿ ಬೇಕೇ?

ಹಲ್ಲು ಕಡಿಯುವವರು ನಾಲ್ಕನೆಯದನ್ನು ಮರೆಯಬೇಡಿ. ಪಟ್ಟಿಯಿಲ್ಲದೆ ಪಿಂಗಾಣಿ ಸೀಳುವ ಅಪಾಯ ಹೆಚ್ಚು. ಒಸಡಿನ ರೋಗದಿಂದ ಅಲ್ಲಾಡುವ ಹಲ್ಲಿಗೆ ಮೊದಲು ಒಸಡಿನ ಚಿಕಿತ್ಸೆ ಆಗಬೇಕು. ಕೆಲವು ಹಲ್ಲು ಕೀಳಲೇಬೇಕಾಗಬಹುದು. ಆದರೆ ಅದನ್ನು ಪರೀಕ್ಷೆಯ ನಂತರ ತೀರ್ಮಾನಿಸಿ, ಬೇಸರದಿಂದಲ್ಲ.

ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ, ಸಂಘದ ಪರವಾಗಿ