ಉಸಿರೇ ಅಸ್ತ್ರವಾದ ಕಥೆ

ಮಹಾಭಾರತದ ವನಪರ್ವದಲ್ಲಿ ಧುಂಧು ಎಂಬ ದೈತ್ಯನ ಕಥೆ ಬರುತ್ತದೆ. ಉತ್ತಂಕ ಮುನಿಯ ಆಶ್ರಮದ ಬಳಿ ಮರಳಿನಡಿಯಲ್ಲಿ ಮಲಗಿರುವ ಈತ ವರ್ಷಕ್ಕೊಮ್ಮೆ ಉಸಿರು ಬಿಡುತ್ತಾನೆ. ಆಗ ಧೂಳು ಆಕಾಶಕ್ಕೇರುತ್ತದೆ, ಏಳು ದಿನ ನೆಲ ನಡುಗುತ್ತದೆ, ಕಿಡಿಯೂ ಹೊಗೆಯೂ ಏಳುತ್ತವೆ. ಮುನಿಯ ಮೊರೆಯ ಮೇಲೆ ಕುವಲಾಶ್ವ ರಾಜ ತನ್ನ 21 ಸಾವಿರ ಮಕ್ಕಳೊಡನೆ ಬಂದು ಮರಳನ್ನು ಅಗೆಸುತ್ತಾನೆ. ಎಚ್ಚರಗೊಂಡ ಧುಂಧು ಬಾಯಿಂದ ಬೆಂಕಿಯುಗುಳಿ ಅವರನ್ನು ಸುಟ್ಟುಹಾಕುತ್ತಾನೆ; ಉಳಿಯುವವರು ಮೂವರೇ. ಕೊನೆಗೆ ರಾಜ ನೀರಿನಿಂದ ಆ ಬೆಂಕಿಯನ್ನು ಆರಿಸಿ, ಬ್ರಹ್ಮಾಸ್ತ್ರದಿಂದ ದೈತ್ಯನನ್ನು ಕೊಂದು ‘ಧುಂಧುಮಾರ’ ಎಂಬ ಹೆಸರು ಪಡೆಯುತ್ತಾನೆ.

ಇಂದಿನ ಮಕ್ಕಳು ವಿಡಿಯೊ ಗೇಮ್‌ಗಳಲ್ಲಿ ಎದುರಿಸುವ ಶತ್ರುವೂ ಬಹುಮಟ್ಟಿಗೆ ಇಂಥವನೇ. ಅವನ ಉಸಿರೇ ಅವನ ಆಯುಧ. ಅದು ಒಬ್ಬರನ್ನಲ್ಲ, ಎದುರಿಗಿರುವ ಎಲ್ಲರನ್ನೂ ತಾಗುತ್ತದೆ. ಒಮ್ಮೆ ಬಿಟ್ಟ ಮೇಲೆ ಮತ್ತೆ ಬಿಡಲು ಸ್ವಲ್ಪ ಕಾಲ ಬೇಕು. ‘ರೋಲ್ ಪ್ಲೇಯಿಂಗ್’ ಎನ್ನುವ ಬಗೆಯ ಆಟಗಳಲ್ಲಿ ಈ ಉಸಿರಿನ ಅಸ್ತ್ರಕ್ಕೆ ವಿಶೇಷ ಸ್ಥಾನವಿದೆ. ಆಡುವವನು ಒಂದು ಪಾತ್ರವನ್ನು ವಹಿಸಿಕೊಂಡು, ಕಾದಾಡಿ, ಅನುಭವ ಗಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಬಲಶಾಲಿಯಾಗುತ್ತ ಹೋಗುವುದು ಈ ಆಟಗಳ ಕ್ರಮ.

ಇವುಗಳ ಮೂಲ ಕಂಪ್ಯೂಟರಿನಲ್ಲಿಲ್ಲ, ದಾಳದಲ್ಲಿದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಕಾಗದ, ಪೆನ್ಸಿಲು, ದಾಳಗಳಿದ್ದರೆ ಮೇಜಿನ ಸುತ್ತ ಕುಳಿತು ಆಡಬಹುದಾದ ಆಟವಿದು. ಬೆಂಕಿಯುಗುಳುವ ಡ್ರ್ಯಾಗನ್ ಯುರೋಪಿನ ಹಳೆಯ ಕಥೆಗಳ ಪ್ರಾಣಿ. ಹಳೆಯ ಇಂಗ್ಲಿಷ್ ಕಾವ್ಯದ ವೀರ ಬೇವುಲ್ಫ್, ಮರದ ಗುರಾಣಿ ಸುಟ್ಟುಹೋದೀತೆಂದು ಕಬ್ಬಿಣದ ಗುರಾಣಿ ಮಾಡಿಸಿಕೊಂಡೇ ಡ್ರ್ಯಾಗನ್ನಿನ ಎದುರು ಹೋದವನು. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಈ ಪ್ರಾಣಿಗೆ ಲೆಕ್ಕ ಹಾಕಿದರು. ಕೆಂಪು ಡ್ರ್ಯಾಗನ್ ಉಗುಳುವುದು ಬೆಂಕಿ, ಬಿಳಿಯದು ಹಿಮ, ಕಪ್ಪಿನದು ಆಮ್ಲ, ನೀಲಿಯದು ಸಿಡಿಲು, ಹಸಿರಿನದು ವಿಷದ ಗಾಳಿ. ಉಸಿರಿಗೂ ಆಕಾರ ಬಂತು: ಬರಬರುತ್ತ ಅಗಲವಾಗುವ ಶಂಕು, ನೇರ ಗೆರೆ, ಕವಿಯುವ ಮೋಡ. ದಿನಕ್ಕೆ ಮೂರೇ ಸಲ ಎಂಬ ಮಿತಿಯೂ ಬಂತು.

ಈ ಆಟದ 1981ರ ಆವೃತ್ತಿಯ ಒಂದು ನಿಯಮ ಗಮನಾರ್ಹ. ಡ್ರ್ಯಾಗನ್ನಿನಲ್ಲಿ ಆ ಹೊತ್ತಿಗೆ ಎಷ್ಟು ಜೀವಾಂಶ ಉಳಿದಿದೆಯೋ ಅದರ ಉಸಿರಿಗೂ ಅಷ್ಟೇ ಬಲ. ಗಾಯಗೊಂಡಷ್ಟೂ ಉಸಿರು ಕುಂದುತ್ತದೆ. ಕನ್ನಡದಲ್ಲಿ ಉಸಿರು ಎಂದರೆ ಗಾಳಿಯೂ ಹೌದು, ಪ್ರಾಣವೂ ಹೌದು. ‘ಉಸಿರು ನಿಂತಿತು’ ಎಂದರೆ ಯಾರಿಗೂ ಅರ್ಥ ವಿವರಿಸಬೇಕಿಲ್ಲ. ಅದೇ ಭಾವವನ್ನು ಈ ನಿಯಮ ಲೆಕ್ಕದ ಭಾಷೆಯಲ್ಲಿ ಹೇಳಿದಂತಿದೆ.

ಮೇಜಿನ ಆಟ ಪರದೆಗೆ ಬಂದಾಗ ಉಸಿರೂ ಜೊತೆಗೆ ಬಂತು. ಜಪಾನಿನಲ್ಲಿ ಯೂಜಿ ಹೋರಿಯಿ ರೂಪಿಸಿದ ‘ಡ್ರ್ಯಾಗನ್ ಕ್ವೆಸ್ಟ್’ 1986ರಲ್ಲಿ ಬಿಡುಗಡೆಯಾಯಿತು. ಅದರ ಕೊನೆಯ ಶತ್ರು ಡ್ರ್ಯಾಗನ್ನಾಗಿ ರೂಪ ತಳೆದು ಬೆಂಕಿಯುಗುಳುತ್ತಾನೆ. ಹಿಂದಿನ ವೀರನೊಬ್ಬನ ಕವಚವನ್ನು ಹುಡುಕಿ ತೊಟ್ಟವನಿಗೆ ಪೆಟ್ಟು ಕಡಿಮೆ. ಮುಂದೆ ಚಿತ್ರಗಳು ಸುಧಾರಿಸಿದಂತೆ ಡ್ರ್ಯಾಗನ್ ಕತ್ತೆತ್ತಿ ಉಸಿರೆಳೆದುಕೊಳ್ಳುವುದನ್ನೂ ತೋರಿಸುವ ರೂಢಿ ಬೆಳೆಯಿತು. ಅದು ಆಡುವವನಿಗೆ ಮುನ್ಸೂಚನೆ. ಯಕ್ಷಗಾನ ನೋಡಿದವರಿಗೆ ಇದು ಹೊಸತಲ್ಲ. ಬಣ್ಣದ ವೇಷ ರಂಗಕ್ಕೆ ಬರುವಾಗ ಉರಿಯುವ ದೀವಟಿಗೆಗೆ ರಾಳದ ಪುಡಿ ಎರಚುತ್ತಾರೆ. ಭುಗ್ಗೆಂದು ಏಳುವ ಜ್ವಾಲೆ ರಕ್ಕಸ ಬಂದನೆಂದು ಸಾರುತ್ತದೆ.

ಅಲ್ಲಿಯವರೆಗೆ ಉಸಿರು ಹೆಚ್ಚಾಗಿ ಶತ್ರುವಿನ ಸೊತ್ತಾಗಿತ್ತು. 1990ರ ದಶಕದಲ್ಲಿ ಅದು ಆಡುವವನ ಕೈಗೂ ಬಂತು. 1992ರ ‘ಫೈನಲ್ ಫ್ಯಾಂಟಸಿ 5’ರಲ್ಲಿ ನೀಲಿ ಮಾಂತ್ರಿಕನೆಂಬ ಪಾತ್ರವಿದೆ. ಶತ್ರುವಿನ ವಿದ್ಯೆ ತನ್ನ ಮೇಲೆ ಪ್ರಯೋಗವಾದರೆ ಅದನ್ನು ಅವನು ಕಲಿತುಕೊಳ್ಳುತ್ತಾನೆ. 1997ರ ಏಳನೆಯ ಭಾಗದಲ್ಲಿ ದುರ್ನಾತದ ಉಸಿರು ಬಿಡುವ ಒಂದು ಗಿಡದಂಥ ಜೀವಿಯಿದೆ. ಆ ಉಸಿರು ತಾಗಿದವರಿಗೆ ವಿಷವೇರುತ್ತದೆ, ನಿದ್ದೆ ಕವಿಯುತ್ತದೆ, ಬುದ್ಧಿ ಗೊಂದಲಗೊಳ್ಳುತ್ತದೆ. ಅದನ್ನು ಕಲಿಯಬೇಕೆಂದರೆ ಮೊದಲು ಆ ಉಸಿರಿಗೆ ಮೈಯೊಡ್ಡಬೇಕು. 1993ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆ ತಂದ ‘ಬ್ರೆತ್ ಆಫ್ ಫೈರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ನಾಯಕ ತಾನೇ ಡ್ರ್ಯಾಗನ್ನಾಗಿ ರೂಪ ಬದಲಿಸಬಲ್ಲ.

ಹೀಗೆ ನಾಯಕನ ಕೈಗೆ ಬಂದ ಆಯುಧಕ್ಕೆ ಮಿತಿ ಹಾಕುವುದೇ ಆಟ ಕಟ್ಟುವವರ ಚಿಂತೆಯಾಯಿತು. ಪ್ರತಿ ಹೆಜ್ಜೆಗೂ ಬೆಂಕಿಯುಗುಳಬಹುದಾದರೆ ಕತ್ತಿಗೆ ಕೆಲಸವೇನು, ಗೆಳೆಯರ ನೆರವಿಗೆ ಬೆಲೆಯೇನು? 2008ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮುಖ್ಯ ಕೈಪಿಡಿಯಲ್ಲೇ ಡ್ರ್ಯಾಗನ್‌ಬಾರ್ನ್ ಎಂಬ ಕುಲ ಸೇರಿತು, ಆಡುವವನು ಆ ಕುಲದಲ್ಲಿ ಹುಟ್ಟಿ ಉಸಿರನ್ನು ಅಸ್ತ್ರವಾಗಿ ಪಡೆಯಬಹುದು. ಅದೇ ಕುಲ 2023ರ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟದಲ್ಲೂ ಇದೆ. ಆದರೆ ಅಲ್ಲಿ ಒಮ್ಮೆ ಉಸಿರು ಬಿಟ್ಟವನು ವಿಶ್ರಮಿಸಿಕೊಳ್ಳದೆ ಮತ್ತೆ ಬಿಡಲಾರ.

2011ರ ‘ಸ್ಕೈರಿಮ್’ ಆಟದ ಕಲ್ಪನೆ ಭಾರತೀಯ ಓದುಗರಿಗೆ ಹತ್ತಿರವೆನಿಸೀತು. ಅಲ್ಲಿ ಡ್ರ್ಯಾಗನ್ನಿನ ಉಸಿರೆಂದರೆ ಮಾತು. ಬೆಂಕಿ ಎಂಬರ್ಥದ ಪದವನ್ನು ಅದರ ಭಾಷೆಯಲ್ಲಿ ಉಚ್ಚರಿಸಿದರೆ ಬಾಯಿಂದ ಬೆಂಕಿಯೇ ಹೊರಡುತ್ತದೆ. ಇಂಥ ಪದಗಳನ್ನು ಪಾಳುಬಿದ್ದ ಕಟ್ಟಡಗಳ ಕಲ್ಲಿನ ಗೋಡೆಗಳಲ್ಲಿ ಹುಡುಕಿ ಕಲಿಯಬೇಕು. ಅವು ಫಲಿಸಬೇಕಾದರೆ ಸಾಮಾನ್ಯವಾಗಿ ಕೊಂದ ಡ್ರ್ಯಾಗನ್ನಿನ ಆತ್ಮವನ್ನು ವ್ಯಯಿಸಬೇಕು. ಹೆಚ್ಚು ಪದ ಸೇರಿಸಿ ಕೂಗಿದರೆ ಮುಂದಿನ ಕೂಗಿಗೆ ಹೆಚ್ಚು ಕಾಯಬೇಕು. ಮಂತ್ರ ಜಪಿಸಿ ಅಸ್ತ್ರ ಬಿಡುವ ಮಹಾಭಾರತದ ವೀರರಿಗೂ ಹೀಗೆಯೇ ಕಟ್ಟುಪಾಡುಗಳಿದ್ದವು. ಗುರುವಿನಿಂದ ಸುಳ್ಳು ಹೇಳಿ ಪಡೆದ ವಿದ್ಯೆ ಕರ್ಣನಿಗೆ ಬೇಕಾದಾಗಲೇ ಮರೆತುಹೋಯಿತು.

ಆದರೆ ಒಂದು ವ್ಯತ್ಯಾಸವುಂಟು. ಪುರಾಣದ ನಾಯಕ ರಕ್ಕಸನ ಉಸಿರನ್ನು ಎರವಲು ಪಡೆಯುವುದಿಲ್ಲ. ಕುವಲಾಶ್ವ ಬೆಂಕಿಗೆ ನೀರನ್ನು ಒಡ್ಡಿದ. ಭಾಗವತದಲ್ಲಿ ಹೆಬ್ಬಾವಿನ ರೂಪದ ಅಘಾಸುರನ ಗಂಟಲಲ್ಲಿ ಕೃಷ್ಣ ಬೆಳೆದು ನಿಂತು ಅವನ ಉಸಿರನ್ನೇ ಕಟ್ಟಿಸಿದ. ವಿಡಿಯೊ ಗೇಮ್‌ನ ನಾಯಕ ಮಾತ್ರ ತನ್ನನ್ನು ಸುಟ್ಟ ಉಸಿರನ್ನೇ ತನ್ನದಾಗಿಸಿಕೊಳ್ಳುತ್ತಾನೆ. ಅದು ಪುಕ್ಕಟೆಯಾಗಿ ಸಿಗದಂತೆ ನೋಡಿಕೊಂಡಿರುವುದರಲ್ಲೇ ಈ ಆಟಗಳ ಸ್ವಾರಸ್ಯವಿದೆ. ನೀಲಿ ಮಾಂತ್ರಿಕ ಮೊದಲು ಪೆಟ್ಟು ತಿನ್ನಬೇಕು; ತಿಂದು ಬದುಕಿ ಉಳಿದರಷ್ಟೇ ಆ ವಿದ್ಯೆ ಅವನದು.